ಬಿಸಿಬೇಳೆಬಾತಿನ ಮೌಲ್ಯಮಾಪನ

ಅದು ೨೦೨೪ನೆಯ ಇಸವಿ; ನನಗಾಗ ಐವತ್ತೆರಡು ವರ್ಷ. ಇಂದು ಬೆಳಿಗ್ಗೆ ಪಕ್ಕದ ಮನೆಯವರು ಬಿಸಿಬೇಳೆಬಾತಿನ ಪುಡಿಗೆ ಮರಾಠಿ ಮೊಗ್ಗು ಹುರಿದರು. ಆ ಘಮಕ್ಕೆ ಎಲ್ಲವೂ ನೆನಪಾಯಿತು.

ನನ್ನ ಕಸುಬನ್ನು ಮಾವನವರಿಗೆ ವಿವರಿಸಲು ನಾನು ಇಂದಿಗೂ ಸಮರ್ಥನಾಗಿಲ್ಲ. ಕಂಪನಿಗಳು ತಮ್ಮ ಕಂಪ್ಯೂಟರ್ ಕೆಲಸವನ್ನು ಹೊರಗುತ್ತಿಗೆ ಕೊಡುತ್ತವೆ. ಆ ಗುತ್ತಿಗೆಗೆ ಬರುವ ವೆಂಡರುಗಳನ್ನು ಪರೀಕ್ಷಿಸಿ ಅಂಕ ಕೊಡುವವನು ನಾನು. ಸ್ವತಃ ಒಂದು ಸಾಲು ಪ್ರೋಗ್ರಾಮನ್ನೂ ಬರೆಯದೆ, ಬರೆಯುವವರಿಗೆಲ್ಲ ಅಂಕ ಕೊಡುತ್ತ ಪರ್ತ್, ಬ್ರಿಸ್ಬೇನ್, ಅಡಿಲೇಡುಗಳ ನಡುವೆ ಹಾರಾಡಿಕೊಂಡಿದ್ದೇನೆ. ಮದುವೆಮನೆಯಲ್ಲಿ ಎಲೆಯ ಮುಂದೆ ಕುಳಿತು ಸಾರಿಗೆ ಹೆಸರಿಡುವ ಬೀಗರ ಉದ್ಯೋಗವೆಂದು ಮಾವನವರು ಅರ್ಥಮಾಡಿಕೊಂಡಿದ್ದಾರೆ.

ಪರ್ತಿನ ಬಡಾವಣೆ ಕ್ಯಾನಿಂಗ್ ವೇಲಿನ ನಮ್ಮ ಕನ್ನಡ ಕೂಟದ ಯುಗಾದಿ ಊಟಕ್ಕೆ ಯಾರ ಮನೆಯ ಬಿಸಿಬೇಳೆಬಾತು ಎಂಬ ಜಗಳ ಆ ವರ್ಷ ವಿಕೋಪಕ್ಕೆ ಹೋಯಿತು. ಹಕ್ಕುದಾರರು ಮೂರು ಮನೆಯವರು. ಅವರಲ್ಲೊಬ್ಬಳು ನನ್ನ ಹೆಂಡತಿ, ಡಾಕ್ಟರು ಸುಧಾ. ತೀರ್ಪುಗಾರನಾಗಿ ನಾನೇ ನಿಂತೆ: ಹೆಸರಿಲ್ಲದ ಮೂರು ಡಬ್ಬಿಗಳು, ರುಚಿಗೂ ಹದಕ್ಕೂ ಘಮಕ್ಕೂ ಅಂಕ. ಸುಧಾ ಬೇಡವೆಂದಳು. ನನ್ನ ತೀರ್ಪು ತಪ್ಪಾದರೆ ಮುಂದಿನ ಯುಗಾದಿಗೆ ಮನೆಯ ಅಡುಗೆ ನನ್ನದೆಂದು ಅವಳಿಗೆ ಪಣ ಕಟ್ಟಿದೆ. ಅಡುಗೆಮನೆಯ ವಿಷಯದಲ್ಲಿ ನನಗಿದ್ದ ಜ್ಞಾನ, ಹಾಲು ಕಾದರೆ ಉಕ್ಕುತ್ತದೆಂಬುದಷ್ಟೇ.

ಮೊದಲ ಡಬ್ಬಿಗೆ ಹತ್ತಕ್ಕೆ ಒಂಬತ್ತು ಕೊಟ್ಟೆ, ಎರಡನೆಯದಕ್ಕೆ ಏಳು. ಮೂರನೆಯದಕ್ಕೆ ನಾಲ್ಕು ಕೊಟ್ಟು, ಅನುಭವದ ಕೊರತೆ ಎದ್ದು ಕಾಣುತ್ತದೆಂದು ಷರಾ ಬರೆದೆ. ಹೆಸರು ಬಯಲಾದಾಗ, ಅದು ನಮ್ಮ ಮನೆಯ ಡಬ್ಬಿ. ಆಗ ಹಿಂದಿನ ಸಾಲಿನಿಂದ ಮಂಜುನಾಥ ಎದ್ದ. ಅವನು ಗಣಿಯ ಭೂವಿಜ್ಞಾನಿ. ರಜೆಯ ವಾರದಲ್ಲಿ ಮನೆಗೆ ಬಂದಾಗಲೆಲ್ಲ ಬೇಸರ ಕಳೆಯಲು ಅಡುಗೆ ಮಾಡುವವನು.

"ಸಾರ್, ತಪ್ಪು ತಿಳ್ಕೋಬೇಡಿ. ಮೂರೂ ನಾನೇ ಮಾಡಿದ್ದು, ಒಂದೇ ಪಾತ್ರೇದು. ಮೂರೂ ಮನೆಯೋರು ಬಂದು, ಯಾರ್ಗೂ ಹೇಳ್ಬೇಡ ಅಂತ ತಗೊಂಡ್ಹೋದ್ರು."

ಕಾರಿನಲ್ಲಿ ನಾನು ವಾದ ಹೂಡಿದೆ. ವೆಂಡರು ಉಪಗುತ್ತಿಗೆಯನ್ನು ಬಚ್ಚಿಟ್ಟಿದ್ದರಿಂದ ಪಣವೇ ಅಸಿಂಧುವೆಂದೆ. ಸಿಗ್ನಲ್ ಹಸಿರಾದಾಗ ಸುಧಾ ನನ್ನ ಕಡೆ ತಿರುಗಿದಳು.

"ನಂಗೆ ಡ್ಯೂಟಿ ಇತ್ತು, ಮಾಡಿಸ್ಕೊಂಡೆ. ಅದು ನನ್ ತಪ್ಪೇ ಅಂತಿಟ್ಕೊಳ್ಳಿ. ಒಂದೇ ಪಾತ್ರೇದಕ್ಕೆ ಒಂಬತ್ತೂ ಕೊಟ್ರಿ, ನಾಲ್ಕೂ ಕೊಟ್ರಿ. ಆ ತಪ್ಪನ್ನ ಯಾರ್ ಹತ್ರ ಮಾಡಿಸಿದ್ರಿ?"

ಬಹುಕಾಲ ನಾನು ಸೋಲೊಪ್ಪಲಿಲ್ಲ. ಬ್ರಿಸ್ಬೇನಿನ ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ನಿಷ್ಪಕ್ಷಪಾತ ಮೌಲ್ಯಮಾಪನವನ್ನು ಕುರಿತು ಉಪನ್ಯಾಸವನ್ನೂ ಕೊಟ್ಟು ಬಂದೆ. ಅಡಿಲೇಡಿನಲ್ಲಿ ಮಾತ್ರ, ಊಟದ ನಂತರ ಬಂದ ಮೂರನೆಯ ವೆಂಡರಿಗೆ ನಾಲ್ಕು ಬರೆಯಹೊರಟ ಕೈ ನಿಂತಿತು. ಅಂದು ಕೂಟದಲ್ಲಿ ಮೊದಲ ಡಬ್ಬಿ ತೆರೆದಾಗ ನಾನು ಹಸಿದಿದ್ದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಹೊಟ್ಟೆ ತುಂಬಿತ್ತು. ಆ ವೆಂಡರನ್ನು ಮರುದಿನ ಬೆಳಿಗ್ಗೆ ಮತ್ತೆ ಕರೆಸಿದೆ; ಈಗ ಅದೇ ರೂಢಿಯಾಗಿದೆ. ಆ ಸಂಜೆ ಮಂಜುನಾಥನಿಗೆ ಫೋನ್ ಮಾಡಿ, ಬೇಳೆಗೆ ಎಷ್ಟು ಸೀಟಿ ಕೂಗಿಸಬೇಕೆಂದು ಕೇಳಿದೆ.

ಪಣದಂತೆ ಮುಂದಿನ ಯುಗಾದಿಯಂದು ನಾನೊಬ್ಬನೇ ಅಡುಗೆ ಮಾಡಿದೆ. ಬಿಸಿಬೇಳೆಬಾತಿನ ತಳ ಹತ್ತಿತು, ಅದನ್ನು ಮುಚ್ಚಿಡದೆ ಬಡಿಸಿದೆ. ಮಗಳು "ಇಟ್ಸ್ ಓಕೆ, ಅಪ್ಪ" ಎಂದು ಮೊಸರು ಸುರಿದುಕೊಂಡಳು. ಸುಧಾ ಹತ್ತಿದ ಭಾಗವನ್ನು ಅಂಚಿಗೆ ಸರಿಸಿ, ಉಳಿದದ್ದನ್ನು ಉಂಡು, ತಟ್ಟೆ ಮುಂದೆ ಚಾಚಿದಳು.

"ಇನ್ನೊಂಚೂರು ಹಾಕಿ."

ಹಾಕಿದೆ. ಎಷ್ಟು ಅಂಕವೆಂದು ಕೇಳಲಿಲ್ಲ. ಅಂದು ೨೦೨೫ನೆಯ ಇಸವಿ ಮಾರ್ಚ್ ೩೦, ಭಾನುವಾರ.