ಎವಾಲ್ದಿನೊ ಕಟ್ಟಿದ ಗಂಟು

ನನ್ನ ಗಂಡ ಎವಾಲ್ದಿನೊನ ಬಗ್ಗೆ ಹೋದ ವರ್ಷವೆಲ್ಲ ಊರಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಮೂವತ್ತೊಂದು ವರ್ಷ ಮರ ಹತ್ತಿದವನು, ಕೊನೆಗೆ ಒಂದು ಗಂಟು ಕಟ್ಟಲು ಬಾರದೆ ಬಿದ್ದ. ಆ ಮಾತನ್ನು ಮೊದಲು ಹೇಳಿದವನು ಅವನೇ. ಅದು ಸುಳ್ಳು. ಹೇಗೆ ಸುಳ್ಳು ಎಂಬುದನ್ನು ನಾನೇ ಹೇಳಬೇಕು, ಬೇರೆ ಯಾರೂ ಹೇಳುವಂತಿಲ್ಲ.

ನಮ್ಮ ಬೆಟ್ಟದ ಗಂಡಸರು ಏಪ್ರಿಲ್ ಬಂದು ಚಳಿ ಶುರುವಾಯಿತೆಂದರೆ ಅರೌಕಾರಿಯಾ ಎಂಬ ಪೈನ್ ಜಾತಿಯ ಮರ ಹತ್ತುತ್ತಾರೆ, ಬೇಯಿಸಿ ತಿನ್ನುವ ಪಿನ್ಯಾನ್ ಬೀಜದ ಕಾಯಿ ಉದುರಿಸಲು. ನೆತ್ತಿಯವರೆಗೆ ಒಂದು ಕೊಂಬೆ ಇಲ್ಲದ ಮರ ಅದು. ಬೂಟಿಗೆ ಕಬ್ಬಿಣದ ಮುಳ್ಳು ಬಿಗಿದು, ಕಾಂಡದ ಸುತ್ತ ಹುರಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಜ್ಜೆ ಹೆಜ್ಜೆಯಾಗಿ ಏರಬೇಕು. ಎವಾಲ್ದಿನೊ ತನ್ನ ಮುಳ್ಳುಗಳನ್ನು ಹಳೆ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ತಾನೇ ಬಡಿದು ಮಾಡಿಕೊಂಡಿದ್ದ. ಹುರಿ ಮಾತ್ರ ನನ್ನದು. ನನ್ನ ಅಪ್ಪ ದನದ ಮಂದೆ ಹೊಡೆಯುವವನು, ಹಸಿ ತೊಗಲು ಸೀಳಿ ಹುರಿ ಹೆಣೆಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಗಂಡುಮಕ್ಕಳಿಲ್ಲದ್ದಕ್ಕೆ ನನಗೆ ಕಲಿಸಿದ. ತೊಗಲಿನ ಹುರಿಗೆ ವಾರಕ್ಕೊಮ್ಮೆ ದನದ ಕೊಬ್ಬು ಕಾಯಿಸಿ ತಿಕ್ಕಬೇಕು, ಇಲ್ಲವಾದರೆ ನಮ್ಮ ಹಿಮಕ್ಕೆ ಒಣಗಿ ಬಿರಿಯುತ್ತದೆ. ಪ್ರತಿ ಶನಿವಾರ ನಾನು ತಿಕ್ಕಿದೆ, ಮದುವೆಯಾದಾಗಿನಿಂದ ಇಪ್ಪತ್ತನಾಲ್ಕು ವರ್ಷ. ನನ್ನ ಗಂಡ ಸಂಜೆ ಮನೆಗೆ ಬರುವುದು ನನ್ನ ಕೈಯ ಗುಣದಿಂದ ಎಂದು ನನಗೆ ಜಂಬ ಇತ್ತು. ಇರಲಿಲ್ಲ ಎಂದರೆ ನಾಲಿಗೆ ಸೀದುಹೋದೀತು.

ಅವನು ಮಾತು ಕಡಿಮೆಯ ಮನುಷ್ಯ, ಹೆದರಿಕೆ ಜಾಸ್ತಿಯವನು. ಹೆದರಿಕೆ ಎಂದರೆ ಅವನಿಗೆ ಕೋಪ ಬರುತ್ತಿತ್ತು, "ಜಾಗ್ರತೆ ಅನ್ನು" ಎನ್ನುತ್ತಿದ್ದ. ಮುಳ್ಳು, ಬಕಲು, ಹುರಿ ಮೂರನ್ನೂ ಮೂರು ಸಲ ಎಳೆದು ನೋಡದೆ ಕಾಲೆತ್ತುತ್ತಿರಲಿಲ್ಲ. ಗಾಳಿ ಬೀಸಿದರೆ ಹತ್ತುತ್ತಿರಲಿಲ್ಲ. ನನ್ನ ಹತ್ತಿರ ಜಗಳವಾಡಿದ ದಿನವೂ ಹತ್ತುತ್ತಿರಲಿಲ್ಲ. ಕೆಳಗೆ ಕಾಯಿ ಆಯುವ ಅವನ ತಮ್ಮ ಓಸ್ನಿಲ್ಡೊ ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತು, "ಅತ್ತಿಗೆ, ಇವತ್ತೊಂದಿನ ಬಾಯಿ ಮುಚ್ಕೊಂಡಿರಿ, ನಾಕು ಮರ ಬಾಕಿ ಇದೆ" ಎಂದು ಕೈಮುಗಿಯುತ್ತಿದ್ದ.

ಹೋದ ವರ್ಷ ಬೀಜ ಕೊಳ್ಳುವ ಸಂಘದವರು ಹೊಸ ಕಟ್ಟಳೆ ತಂದರು. ತೊಗಲಿನ ಹುರಿ ಸಾಲದು. ಸೊಂಟ, ತೊಡೆ ಎರಡನ್ನೂ ಹಿಡಿಯುವ ಪಟ್ಟಿ, ಹೆಲ್ಮೆಟ್ಟು, ನೈಲಾನ್ ಹಗ್ಗ ಇದ್ದವನ ಕಾಯಿ ಮಾತ್ರ ಕೊಳ್ಳುತ್ತೇವೆ ಎಂದರು. ನಾವಿಬ್ಬರೂ ಬಸ್ಸು ಹತ್ತಿ ಲಾಜಿಸ್ ಪೇಟೆಗೆ ಹೋದೆವು.

ಅಂಗಡಿಯಾಕೆ ಕೆಂಪು ಬಣ್ಣದ ಚೆಂದದ ಪಟ್ಟಿಯೊಂದನ್ನು ತೋರಿಸಿದಳು. ಎವಾಲ್ದಿನೊ ಅದನ್ನು ತೊಟ್ಟು, ತೊಲೆಯಿಂದ ತನ್ನನ್ನು ನೇತುಹಾಕಿ ಎಂದ. ಅರ್ಧ ಗಂಟೆ ನೇತಾಡಿದ. ಬಂದುಹೋಗುವವರೆಲ್ಲ ನಿಂತು ನೋಡಿದರು. ನನಗೆ ನಾಚಿಕೆ.

"ಆಯ್ತೇನಯ್ಯಾ, ಊಟಾನೂ ಅಲ್ಲಿಗೇ ತರಿಸ್ಲಾ?"

"ಸುಮ್ನಿರೇ. ತೊಡೆ ಮರಗಟ್ಟುತ್ತಾ ಅಂತ ನೋಡ್ಬೇಕು. ಇಲ್ಲಿ ಚುಚ್ಚಿದ್ದು ಅಲ್ಲಿ ಮೇಲೆ ಪ್ರಾಣ ತೆಗೆಯುತ್ತೆ."

ಚುಚ್ಚಿತಂತೆ. ಕೆಂಪನ್ನು ಬಿಟ್ಟು ಅಗಲ ಪಟ್ಟಿಯ ಮಣ್ಣು ಬಣ್ಣದ್ದನ್ನು ಆರಿಸಿದ. ಗಲ್ಲದ ಕೆಳಗೆ ಬಿಗಿಯಲು ಬಾರದ ಎರಡು ಹೆಲ್ಮೆಟ್ಟುಗಳನ್ನು ಪಕ್ಕಕ್ಕಿಟ್ಟ. ಅಂಗಡಿಯ ಮುಳ್ಳುಗಳನ್ನಂತೂ ಕಣ್ಣೆತ್ತಿ ನೋಡಲಿಲ್ಲ. "ಗಿಡ್ಡ ಆಯ್ತಮ್ಮ, ನಮ್ಮ ಮರದ ತೊಗಟೆ ದಾಟೋದ್ರೊಳಗೆ ಇದು ಮುಗಿದೇಹೋಗುತ್ತೆ" ಎಂದ. ಹಗ್ಗದ ಸುರುಳಿಯನ್ನು ಬಿಚ್ಚಿಸಿ, ಮೊದಲಿಂದ ಕೊನೆಯವರೆಗೂ ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ತಡವಿ ನೋಡಿದ.

ಮೇಲೇರುವುದು ಹಳೆಯ ಹಾಗೇ. ನೆತ್ತಿ ತಲುಪಿದ ಮೇಲೆ ಹಗ್ಗವನ್ನು ಗಟ್ಟಿ ಕೊಂಬೆಯ ಮೇಲೆ ಹಾಯಿಸಿ, ಅದಕ್ಕೆ ಸಣ್ಣ ಹುರಿಯಿಂದ ಸುತ್ತುಸುತ್ತಾಗಿ ಒಂದು ಗಂಟು ಹಾಕಿ, ಆ ಹುರಿಯನ್ನು ಸೊಂಟದ ಪಟ್ಟಿಗೆ ಸಿಕ್ಕಿಸಬೇಕು. ಭಾರ ಬಿದ್ದರೆ ಆ ಗಂಟು ಹಗ್ಗವನ್ನು ಕಚ್ಚಿಕೊಳ್ಳುತ್ತದೆ, ಕೈಯಲ್ಲಿ ಸಡಿಲಿಸಿದರೆ ಕೆಳಗೆ ಬಿಡುತ್ತದೆ. ಮರದಿಂದ ಇಳಿಯುವುದು ಅದರ ನಂಬಿಕೆಯ ಮೇಲೆ. ವಾರವಿಡೀ ಜಗಲಿಯ ತೊಲೆಗೆ ಹಗ್ಗ ಕಟ್ಟಿಕೊಂಡು ಅದನ್ನೇ ಹಾಕಿದ, ಬಿಚ್ಚಿದ. ಶುಕ್ರವಾರ ಊಟಕ್ಕೆ ಕೂತಾಗ, "ಹೊಸ ಹಗ್ಗ ಗಡಸು ಕಣೇ, ಗಂಟು ಸರಾಗ ಓಡಲ್ಲ" ಎಂದ. ಅಷ್ಟೇ ಹೇಳಿದ್ದು.

ಕಾಂಡ ಸುತ್ತುವ ಹುರಿಯೂ ಆ ಪಟ್ಟಿಯ ಜೊತೆಗೇ ಬಂದಿತ್ತು. ನಾನು ಹೆಣೆದದ್ದು ಮೂಲೆ ಸೇರಿತು. ಅದರಿಂದ ನನಗೆ ಎಷ್ಟು ನೋವಾಗಿತ್ತೆಂದು ಯಾರಿಗೂ ಹೇಳಿರಲಿಲ್ಲ. ಶನಿವಾರ ಮಧ್ಯಾಹ್ನ ಅಭ್ಯಾಸದಂತೆ ಒಲೆಯ ಮೇಲೆ ಕೊಬ್ಬು ಕಾಯಿಸಿದೆ. ತೊಗಲಾದರೇನು, ನೈಲಾನಾದರೇನು, ಗಡಸು ಹಗ್ಗಕ್ಕೆ ಕೊಬ್ಬು ಎಂದೇ ನನಗೆ ಗೊತ್ತಿದ್ದದ್ದು. ಮೊಳ ಮೊಳವಾಗಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿದೆ. ಎವಾಲ್ದಿನೊ ಬಂದು ಹಗ್ಗವನ್ನು ಕೈಯಲ್ಲಿ ಆಡಿಸಿ, "ಈಗ ಮೆತ್ತಗಾಯ್ತು ನೋಡು" ಎಂದು ನಕ್ಕ. ದನದ ನಾಡಿನವನೇ ತಾನೆ, ಅವನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನನಗೆ ಹಬ್ಬವಾದಂತಾಯಿತು.

ಸೋಮವಾರ ಹೊಲವೆಲ್ಲ ಹಿಮದಿಂದ ಬೆಳ್ಳಗಿತ್ತು. ಮರದ ಬುಡದಲ್ಲೇ ಆಳೆತ್ತರಕ್ಕೆ ಹಗ್ಗ ಕಟ್ಟಿ, ಗಂಟು ಹಾಕಿ, ಮೂರು ಸಲ ಜೋತುಬಿದ್ದು ನೋಡಿದನಂತೆ. ಹಿಡಿಯಿತು. ಎರಡು ಮರ ಸುಸೂತ್ರವಾಗಿ ಇಳಿದ. ಮೂರನೆಯದು ಮುಗಿಯುವಾಗ ನೆತ್ತಿಯ ಮೇಲೆ ಬಿಸಿಲು. ಗಂಟಿನ ಮೇಲೆ ಭಾರ ಹಾಕಿ ಮರದಿಂದ ಕಾಲು ಬಿಟ್ಟ, ಗಂಟು ಕಚ್ಚಲಿಲ್ಲ. ಎರಡೂ ಕೈಯಲ್ಲಿ ಹಗ್ಗ ಬಾಚಿ ಹಿಡಿದನಂತೆ, ಆದರೂ ಜಾರುತ್ತಲೇ ಬಂದು ನೆಲಕ್ಕೆ ಅಪ್ಪಳಿಸಿದ. ಹಿಮ್ಮಡಿ ಚೂರಾಯಿತು, ಸೊಂಟದ ಮೂಳೆ ಮುರಿಯಿತು. ಅಂಗೈ ಚರ್ಮ ಎದ್ದುಹೋಯಿತು.

ಆಸ್ಪತ್ರೆಯಲ್ಲಿ ನಾನು ಅಳುತ್ತ ಏನಾಯಿತು ಎಂದು ಕೇಳಿದೆ.

"ಗಂಟು ತಪ್ಪು ಕಟ್ಟಿದೆ. ಒಂದು ಸುತ್ತು ಕಮ್ಮಿ."

ಆಮೇಲೆ ಓಸ್ನಿಲ್ಡೊನನ್ನು ಹತ್ತಿರ ಕರೆದು, "ಆ ಹಗ್ಗ ಸುಟ್ಟುಹಾಕು, ಇವತ್ತೇ" ಎಂದ.

"ಹೊಸ ಹಗ್ಗ ಕಣಯ್ಯಾ! ತಪ್ಪು ನಿಂದು, ಹಗ್ಗ ಏನ್ ಮಾಡಿತ್ತು?" ಎಂದು ನಾನು ಹಾಸಿಗೆಯ ಪಕ್ಕದಲ್ಲೇ ರೇಗಿದೆ. ಅವನು ಗೋಡೆ ಕಡೆ ಮುಖ ಮಾಡಿದ.

ಆಮೇಲೆ ವರ್ಷವಿಡೀ ನಾನು ಅವನನ್ನು ಬಿಡಲಿಲ್ಲ. ಕೋಲು ಹಿಡಿದು ಕುಂಟುತ್ತ ಅಂಗಳಕ್ಕೆ ಬಂದರೆ, "ಒಂದು ಸುತ್ತು ಎಣಿಸೋಕೆ ಬರ್ಲಿಲ್ವಲ್ಲ ನಿಂಗೆ" ಎನ್ನುತ್ತಿದ್ದೆ. ಹೇಳಿದ ಬಾಯಿ ಇದೇ. ಯಾವ ಮರ ಹತ್ತಬಹುದು, ಯಾವುದು ಬೇಡ ಎಂದು ಅವನನ್ನು ಕೇಳಿಕೊಂಡು ಬರುತ್ತಿದ್ದವರು ಬರುವುದನ್ನು ನಿಲ್ಲಿಸಿದರು. ಅಂಗಡಿಕಟ್ಟೆಯಲ್ಲಿ, "ಎವಾಲ್ದಿನೊ, ಇವತ್ತು ಬೂಟಿನ ದಾರ ಯಾರು ಕಟ್ಟಿದ್ರಪ್ಪ?" ಎಂದು ಛೇಡಿಸಿದರೆ ಅವರ ಜೊತೆ ತಾನೂ ನಗುತ್ತಿದ್ದ. ಇನ್ನು ಮರ ಹತ್ತುವ ಹಾಗಿಲ್ಲ, ಉಳಿದಿದ್ದದ್ದು ಹೆಸರೊಂದೇ. ಅದನ್ನೂ ನಗುನಗುತ್ತ ಕೊಟ್ಟುಬಿಟ್ಟ.

ಈ ವರ್ಷ ಮಾರ್ಚಿನಲ್ಲಿ ಸಂಘದವರು ಚರ್ಚಿನ ಮಗ್ಗುಲ ಕೊಠಡಿಯಲ್ಲಿ ಮರ ಹತ್ತುವವರಿಗೆ ಪಾಠ ಇಟ್ಟರು. ಕಲಿಸಲು ಹೊರಗಿನಿಂದ ಗ್ಲೌಕೊ ಎಂಬವನು ಬಂದಿದ್ದ. ಹೆಂಗಸರು ನಾವು ಹಿಂದುಗಡೆ ಅಡುಗೆಗೆ ನಿಂತಿದ್ದೆವು. ನಾನು ಮಾಂಸ ತಿರುವುತ್ತಿದ್ದೆ. ಗ್ಲೌಕೊ ಹಗ್ಗ ಎತ್ತಿ ಹಿಡಿದು ಹೇಳಿದ:

"ಎಣ್ಣೆ, ಗ್ರೀಸು, ಕೊಬ್ಬು ಯಾವುದೂ ಇದಕ್ಕೆ ತಾಕಬಾರದು. ಬೆಳಿಗ್ಗೆ ಚಳೀಲಿ ಕೊಬ್ಬು ಹೆಪ್ಪುಗಟ್ಟಿರುತ್ತೆ, ಗಂಟು ಹಿಡಿದ ಹಾಗೇ ಕಾಣುತ್ತೆ. ಬಿಸಿಲೇರಿದ್ರೆ ಕರಗಿ ಜಾರುತ್ತೆ. ನೀವು ಎಷ್ಟು ಸರಿಯಾಗಿ ಕಟ್ಟಿದ್ರೂ ಅಷ್ಟೇ."

ನನ್ನ ಕೈ ನಿಂತುಹೋಯಿತು. ಎರಡನೇ ಸಾಲಿನಲ್ಲಿ ಕೂತಿದ್ದ ಎವಾಲ್ದಿನೊ ಅವನ ಕಡೆ ನೋಡುತ್ತಿರಲಿಲ್ಲ. ತಿರುಗಿ ನನ್ನನ್ನು ನೋಡುತ್ತಿದ್ದ. ಮುಖ ಸುಣ್ಣವಾಗಿತ್ತು. ನನಗೆ ಕೇಳಿಸಿಬಿಟ್ಟಿತೆಂದು ಹೆದರಿದ್ದ. ಇವನಿಗೆ ಮೊದಲೇ ಗೊತ್ತಿತ್ತು ಎಂದು ನನಗೆ ಆಗ ಹೊಳೆಯಿತು.

"ಹೋದ ವರ್ಷ ಇಲ್ಲೇ ಯಾರೋ ಗಂಟು ತಪ್ಪು ಕಟ್ಟಿ ಬಿದ್ದರಂತಲ್ಲ?" ಎಂದು ಗ್ಲೌಕೊ ಕೇಳಿದ. ತಲೆಗಳು ತಿರುಗಿದವು, ಯಾರೋ ಕಿಸಕ್ಕೆಂದರು. ಎವಾಲ್ದಿನೊ ಕೈಯೆತ್ತಿದ. "ನಾನೇ ಸ್ವಾಮಿ."

"ಸುಳ್ಳು," ಎಂದೆ ನಾನು ಹಿಂದಿನಿಂದ. "ಗಂಟು ಸರಿಯಾಗೇ ಕಟ್ಟಿದ್ದ. ಹಗ್ಗಕ್ಕೆ ಕೊಬ್ಬು ತಿಕ್ಕಿದ್ದು ನಾನು."

"ಸುಮ್ನಿರು ಜಾಂದಿರಾ."

"ಇರಲ್ಲ. ಮೂರು ಸಲ ನೋಡದೆ ಹತ್ತಿದವನಲ್ಲ ಅವನು. ನಿಮ್ಮಲ್ಲಿ ಯಾರಿದ್ದೀರಿ ಹಾಗೆ ನೋಡೋರು?"

ಓಸ್ನಿಲ್ಡೊ ನೆಲ ನೋಡುತ್ತಿದ್ದ.

ಮನೆ ದಾರಿಯಲ್ಲಿ ಅವನು ಕೋಲೂರಿಕೊಂಡು ಮುಂದೆ, ನಾನು ಹಿಂದೆ. ಗೇಟಿನ ಹತ್ತಿರ ಕೇಳಿದೆ, "ಯಾವಾಗ ಗೊತ್ತಾಯ್ತು?"

"ಜಾರೋವಾಗಲೇ. ಅಂಗೈಯಿಂದ ಕೊಬ್ಬು ಸುಟ್ಟ ವಾಸನೆ ಬಂತು."

"ನಂಗ್ಯಾಕೆ ಹೇಳಲಿಲ್ಲ? ನಾನು ಬೈತಾ ಇದ್ದೆನಲ್ಲ, ಆಗಲಾದ್ರೂ?"

"ಬೈತಾ ಇದ್ದಾಗ ನೀನು ಚೆನ್ನಾಗಿದ್ದೆ," ಎಂದ. "ಈಗ ನೋಡು, ಹೇಗಾಗಿದ್ದೀಯ."

ಮೂರು ದಿನ ಅವನು ನನ್ನ ಹತ್ತಿರ ಮಾತಾಡಲಿಲ್ಲ. ನಾನು ಬಾಯಿಬಿಟ್ಟದ್ದಕ್ಕೆ ಸಿಟ್ಟು. ಆದರೆ ಮರ ಹತ್ತುವವರು ಮತ್ತೆ ಬರತೊಡಗಿದ್ದಾರೆ. ಪಟ್ಟಿ, ಹಗ್ಗ, ಮುಳ್ಳು ಎಲ್ಲ ತಂದು ಜಗಲಿಯ ಮೇಲೆ ಹರಡಿ, ಒಂದ್ಸಲ ನೋಡಿಕೊಡಿ ಎನ್ನುತ್ತಾರೆ. ನನ್ನ ಕಡೆ ಯಾರೂ ನೋಡುವುದಿಲ್ಲ, ನಾನು ಕೊಟ್ಟ ಚಹಾವನ್ನು ಮಾತಿಲ್ಲದೆ ಕುಡಿಯುತ್ತಾರೆ. ಎವಾಲ್ದಿನೊ ಬಕಲು ನೋಡುತ್ತಾನೆ, ಹೊಲಿಗೆ ನೋಡುತ್ತಾನೆ. ಹಗ್ಗ ಮಾತ್ರ ಪಕ್ಕಕ್ಕಿಟ್ಟುಕೊಂಡಿರುತ್ತಾನೆ. ನಾನು ಅತ್ತ ಹೋದ ಮೇಲೆ ಅದನ್ನೆತ್ತಿ ಮೂಗಿಗೆ ಹಿಡಿದು, ಮೊಳ ಮೊಳವಾಗಿ ಮೂಸಿ ನೋಡುತ್ತಾನೆ. ಒಂದು ದಿನ ಕಿಟಕಿಯಿಂದ ಕಂಡೆ. ಅಂದಿನಿಂದ ಅವರು ಬಂದಾಗಲೆಲ್ಲ, ಕೆಲಸವಿರಲಿ ಇಲ್ಲದಿರಲಿ, ನಾನು ಕೊಟ್ಟಿಗೆಗೆ ಹೋಗುತ್ತೇನೆ.