ಸೊನ್ನೆ ತೋರಿಸದ ಮೀಟರ್

ಕಂಬೈನಲ್ಲೂರು ಪಕ್ಕದ ಕೆರೆಯಲ್ಲಿ ಮೀನೆಲ್ಲ ಸತ್ತು ತೇಲಿದ ಮರುದಿನ, ಅಲ್ಲಿ ಬಲೆ ಬೀಸುವ ಮುತ್ತುಸ್ವಾಮಿಯನ್ನು ಪೊಲೀಸರು ಠಾಣೆಗೆ ಎಳೆದೊಯ್ದರು. ಮೀನಿನಾಸೆಗೆ ನೀರಿಗೆ ವಿಷ ಹಾಕಿದನೆಂಬ ಆಪಾದನೆ. ಆಧಾರವೆಂದರೆ ಸೇಲಂನ ಖಾಸಗಿ ಲ್ಯಾಬೊಂದರ ಮ್ಯಾನೇಜರ್ ಬಾಲಾಜಿಯ ಮಾತು: ನೀರಿನಲ್ಲಿ ಆಮ್ಲಜನಕ ಬೇಕಾದಷ್ಟಿದೆ, ಮೀನು ಉಸಿರುಕಟ್ಟಿ ಸತ್ತಿದ್ದಲ್ಲ.

ಅದೇ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಮೇನಕಾಳಿಗೆ ಸುದ್ದಿ ತಿಳಿದದ್ದು ಮುತ್ತುಸ್ವಾಮಿಯ ಹೆಂಡತಿ ಸಿದ್ದಲಕ್ಷ್ಮಮ್ಮನ ಫೋನಿನಿಂದ. ಆಕೆ ಮೇನಕಾಳಿಗೆ ಸ್ವಂತ ಚಿಕ್ಕಮ್ಮ.

"ನಿಮ್ ಆಫೀಸ್ನೋರೇ ಏಳವ್ರೆ ಕಣಮ್ಮಿ, ನಿಮ್ ಚಿಕ್ಕಪ್ಪ ವಿಷ ಆಕ್ದ ಅಂತ. ಮೊನ್ನೆ ಸಂಜೆಯಿಂದ್ಲೇ ಮೀನು ಬಾಯಿ ಮೇಲೆತ್ಕೊಂಡು ಒದ್ದಾಡ್ತಿದ್ವು. ಸಬ್ಬಕ್ಕಿ ಮಾಡೋ ಜವ್ವರಿಸಿ ಮಿಲ್ನೋರು ಕೊಳೆನೀರು ಬಿಟ್ಟಿದ್ನ ಯಾರೂ ಕೇಳಲ್ವಾ?"

ಮೇನಕಾ ಎದ್ದು ಹೋಗಿ, ಕೆರೆಯ ನೀರಿನ ಆಮ್ಲಜನಕ ಅಳೆದಿದ್ದ ಮೀಟರ್ ತೆಗೆದಳು. ಅದರ ತುದಿಯ ತೆಳುಪೊರೆ ಹರಿದಿದೆ ಎಂದು ಬಾಲಾಜಿಗೆ ಎಷ್ಟು ಸಲ ಹೇಳಿದ್ದಳೋ. ಸಲ್ಫೈಟ್ ಉಪ್ಪು ಕರಗಿಸಿದ ನೀರಿಗೆ ಅದನ್ನು ಇಳಿಸಿದಳು. ಆ ನೀರಿನಲ್ಲಿ ಆಮ್ಲಜನಕವೇ ಉಳಿಯುವುದಿಲ್ಲ. ಮೀಟರ್ ಸೊನ್ನೆ ತೋರಿಸಬೇಕು. ಲೀಟರಿಗೆ ಐದು ಮಿಲಿಗ್ರಾಂ ಎಂದು ತೋರಿಸಿತು. ಕಾದರೂ ಇಳಿಯಲಿಲ್ಲ.

ಅವಳು ಮೀಟರ್ ಹಿಡಿದೇ ಬಾಲಾಜಿಯ ಕೋಣೆಗೆ ನಡೆದಳು. ಈ ಪರೀಕ್ಷೆಯನ್ನು ಅವಳಿಗೆ ಕಲಿಸಿದವನೇ ಬಾಲಾಜಿ. ತಿಳಿಯದವನು ಮಾಡಿದ್ದರೆ ತಪ್ಪು ಎನ್ನಬಹುದಿತ್ತು.

"ಸಾರ್, ಇದ್ನ ನಂಬಿ ಒಬ್ಬ ಮನುಷ್ಯನ್ನ ಸ್ಟೇಷನ್ಗೆ ಕಳಿಸಿದ್ರಾ?"

"ಅವಸರ ಇತ್ತಮ್ಮ. ರಿಪೋರ್ಟ್ ಓಗಾಯ್ತು, ಬಿಟ್ಬಿಡು. ಮಿಲ್ನೋರು ನಮ್ ಕಸ್ಟಮರ್," ಎಂದ ಬಾಲಾಜಿ, ಮುಖ ನೋಡದೆ.

"ಒಸ ಪೊರೆ ಬೀರುನಲ್ಲೇ ಐತೆ. ಬನ್ನಿ, ಕೆರೆಗೋಗಿ ಮತ್ತೆ ನೋಡಾಣ. ನೀವ್ ಬರಲ್ಲ ಅಂದ್ರೆ ಈ ಐದನ್ನ ನಾನೇ ಸ್ಟೇಷನ್ಗೆ ತಗೊಂಡೋಗಿ ತೋರಿಸ್ತೀನಿ."

ಬಾಲಾಜಿ ಗೊಣಗುತ್ತ ಹೊರಟ. ಕೆರೆಯ ಏರಿಯ ಮೇಲೆ ಊರವರೂ, ಅವಳು ಫೋನ್ ಮಾಡಿ ಕರೆಸಿದ್ದ ಇನ್ಸ್‌ಪೆಕ್ಟರೂ ನೋಡುತ್ತಿರುವಂತೆಯೇ ಮೇನಕಾ ಪೊರೆ ಬದಲಿಸಿದಳು. ಸಲ್ಫೈಟ್ ನೀರಿನಲ್ಲಿ ಮೀಟರ್ ಸೊನ್ನೆಗೆ ಇಳಿಯಿತು. ಒದ್ದೆ ಸ್ಪಂಜು ಇಟ್ಟ ಬಾಟಲಿಯ ಗಾಳಿಯಲ್ಲಿ ಹಿಡಿದು ಶೇಕಡಾ ನೂರಕ್ಕೆ ಹೊಂದಿಸಿದಳು. ಆಮೇಲೆ ಕೆರೆಗೆ ಬಿಟ್ಟಳು. ಅಲ್ಲಿ ಆಮ್ಲಜನಕ ಲೀಟರಿಗೆ ಒಂದು ಮಿಲಿಗ್ರಾಮೂ ಇರಲಿಲ್ಲ. ಮಿಲ್ಲಿನ ಕೊಳೆನೀರು ಅದನ್ನೆಲ್ಲ ಹೀರಿತ್ತು; ಮೀನು ಬದುಕುವ ನೀರೇ ಅಲ್ಲ ಅದು.

ಸಂಜೆಗೆ ಮುತ್ತುಸ್ವಾಮಿಯನ್ನು ಬಿಟ್ಟರು. ಠಾಣೆಯಲ್ಲಿ ತಿಂದ ಏಟಿಗೆ ಕೆನ್ನೆ ಊದಿತ್ತು.

ಅದಕ್ಕೂ ಮುಂಚೆ, ಏರಿಯ ಮೇಲೆ ಬಾಲಾಜಿ ಕಾರು ಹತ್ತುವಾಗ ಮೇನಕಾ ಅಡ್ಡ ನಿಂತಿದ್ದಳು. "ವಿಷ ಅಂದಿದ್ದು ಊರೆಲ್ಲ ಕೇಳೈತೆ. ಅಲ್ಲ ಅನ್ನೋದ್ನೂ ಊರೇ ಕೇಳ್ಬೇಕು. ಹೇಳೋಗಿ."

ಅವನು ತಮಿಳಿನಲ್ಲಿ, ಮೆಷಿನ್ ಪ್ರಾಬ್ಲಂ, ಅಷ್ಟೇ ಎಂದು ಗಾಜು ಏರಿಸಿಕೊಂಡ.

"ಮೆಷಿನ್ದಲ್ಲ," ಎಂದಳು ಮೇನಕಾ, ಎಲ್ಲರಿಗೂ ಕೇಳುವಂತೆ. "ಕೆಟ್ಟೈತೆ ಅಂತ ಗೊತ್ತಿದ್ದೇ ಇವ್ರು ಸುಳ್ಳೇಳಿದ್ದು."

ಆ ಕೆಲಸಕ್ಕೆ ಅವಳು ಮತ್ತೆ ಹೋಗಲಿಲ್ಲ. ಈಗ ಮೆಟ್ಟೂರಿನ ಬಳಿ ಮೀನುಮರಿ ಸಾಕುವಲ್ಲಿ ನೀರು ಪರೀಕ್ಷಿಸುತ್ತಾಳೆ. ಮಿಲ್ಲಿನ ಕಾಲುವೆ ಇನ್ನೂ ಆ ಕೆರೆಗೇ ಹರಿಯುತ್ತಿದೆ. ರಜೆ ಸಿಕ್ಕಾಗಲೆಲ್ಲ ಚಿಕ್ಕಪ್ಪನನ್ನು ಕರೆದುಕೊಂಡು ಅವಳು ಧರ್ಮಪುರಿಯ ಕಚೇರಿಗಳ ಬಾಗಿಲು ತಟ್ಟುತ್ತಾಳೆ. ಮೊದಲು ಆ ಕಾಲುವೆ ಮುಚ್ಚಿಸಿ ಎನ್ನುತ್ತಾಳೆ; ಕೂರಿ ಎಂದರೂ ಕೂರುವುದಿಲ್ಲ.