ಕುಲಾವಿಯ ಮೊದಲ ಸಾಲು

ಉಣ್ಣೆಗೆ ಮೈಲಿಗೆಯಿಲ್ಲ ಎಂಬ ಮಾತನ್ನು ಮುಳಬಾಗಿಲಿನ ನಮ್ಮ ಮನೆಯಲ್ಲಿ ಬುದ್ಧಿ ತಿಳಿದಾಗಿನಿಂದ ಕೇಳಿದ್ದೇನೆ. ಹತ್ತಿಯ ಸೀರೆಯನ್ನು ಒಗೆದು, ಯಾರೂ ಮುಟ್ಟದಂತೆ ಕೋಲಿನಿಂದ ಗಳುವಿನ ಮೇಲೆ ಹರವಿದರೆ ಮಾತ್ರ ಮಡಿ. ಕಂಬಳಿಗೆ ಅದಾವುದೂ ಬೇಡ. ಯಾರು ಮುಟ್ಟಿದರೂ ಅದು ಮಡಿಯೇ. ಈ ನಿಯಮವನ್ನು ಮಾಡಿದವರು ಯಾರೋ ತಿಳಿಯದು. ಅದನ್ನು ತಮಗೆ ಬೇಕಾದ ಕಡೆ ಬಳಸಿಕೊಂಡವರನ್ನು ಮಾತ್ರ ಚೆನ್ನಾಗಿ ಬಲ್ಲೆ. ಅವರ ಮೇಲಿನ ಸಿಟ್ಟು ಈ ವಯಸ್ಸಿನಲ್ಲೂ ಇಳಿದಿಲ್ಲ.

ನಾನು ಹೆಣಿಗೆ ಕಲಿತದ್ದು ಕೋಲಾರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಅಲ್ಲಿ ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಹೆಣಿಗೆಗೂ ಗಂಟೆ. ಕೈ ತೊಳೆದು, ಬೆನ್ನು ನೆಟ್ಟಗಿಟ್ಟು ಕೂರಬೇಕು. ಹಿಡಿದ ಸಾಲು ಮುಗಿಯುವ ತನಕ ಬಾಯಿ ತೆರೆಯಬಾರದು. ಓದು ಮುಗಿಸಿ ಮನೆಗೆ ಬಂದಾಗ ಈ ನಿಯಮಗಳನ್ನೂ ಜೊತೆಗೇ ತಂದೆ. ಮಧ್ಯಾಹ್ನದ ಊಟವಾಗಿ ಒಲೆ ಸಾರಿಸಿದ ಮೇಲೆ, ದೀಪ ಹಚ್ಚುವ ತನಕ ನಮ್ಮ ನಡುಮನೆಯಲ್ಲಿ ಹೆಣಿಗೆ ಎಂದು ಗೊತ್ತುಮಾಡಿದೆ.

ಬರುತ್ತಿದ್ದವರು ಇಬ್ಬರು. ಒಬ್ಬಳು ಎದುರು ಮನೆಯ ಹುಡುಗಿ, ನನ್ನ ಬಾಲ್ಯದ ಗೆಳತಿ. ಶ್ರೀನಿವಾಸಪುರಕ್ಕೆ ಕೊಟ್ಟಿದ್ದರು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಇನ್ನೊಬ್ಬರು ಪೋಸ್ಟ್ ಮಾಸ್ತರರ ಹೆಂಡತಿ. ದೇವರಾಯಸಮುದ್ರದ ಕಡೆಯವರು, ದೊಡ್ಡ ಗಂಟಲು. ಸಾಲು ಮುಗಿಯುವ ತನಕ ಸುಮ್ಮನಿರುವುದು ಅವರಿಂದ ಒಂದು ದಿನವೂ ಆಗಲಿಲ್ಲ.

ಮೂರನೆಯವರು ಮನೆಯವರೇ, ನನ್ನ ಸೋದರತ್ತೆ. ಚಿಕ್ಕ ವಯಸ್ಸಿನಲ್ಲೇ ಗಂಡ ಹೋಗಿ, ಅಣ್ಣನ ಮನೆಗೆ ಬಂದು ಸೇರಿದವರು. ಕೇರಿಯವರಿಗೆಲ್ಲ ಅವರು ಅತ್ತೆಯೇ. ದಿನವಿಡೀ ಮಡಿಯಲ್ಲಿರುತ್ತಿದ್ದ ಅವರು ಯಾರ ಪಕ್ಕದಲ್ಲೂ ಕೂರುವಂತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಒಬ್ಬರೇ ದೀಪದ ಬತ್ತಿ ಹೊಸೆಯುವುದು ಅವರ ಪಾಲಿನ ಕೆಲಸ. ಹೆಣಿಗೆ ಬಂದ ಮೇಲೆ ಅದು ಬದಲಾಯಿತು. ಕಂಬಳಿ ಹಾಸಿಕೊಂಡು ನಮ್ಮೊಡನೆಯೇ ಕೂತರು. ನಾವು ಮುಟ್ಟಿದ ಉಂಡೆಯನ್ನೇ ಹಿಡಿದು ಹೆಣೆದರು. ಮಡಿಯಲ್ಲಿರುವವರು ನಾಲ್ಕು ಜನರ ನಡುವೆ ಕೂತು ಮಾಡಬಹುದಾದ ಕೈಕೆಲಸ ನಮ್ಮಲ್ಲಿ ಇದೊಂದೇ ಇತ್ತು.

ನಾನು ಹೇಳಿಕೊಟ್ಟೆ, ಅವರು ನನ್ನನ್ನು ಮೀರಿಸಿದರು. ಅದರಲ್ಲೂ ಮೊದಲ ಸಾಲಿನ ಕುಣಿಕೆ ಹಾಕುವುದರಲ್ಲಿ. ಅದು ಬಿಗಿಯಾದರೆ ಬಟ್ಟೆ ಹಿಗ್ಗುವುದಿಲ್ಲ, ಸಡಿಲವಾದರೆ ಅಂಚು ಜೋತುಬೀಳುತ್ತದೆ. ನನ್ನ ಕೈ ವಿಪರೀತ ಬಿಗಿ. “ಏನೇ ಇದು, ಓಡಿಹೋಗೋ ಎಮ್ಮೇನ ಕಟ್ಟಿಹಾಕಿದ ಹಾಗಿದೆ” ಎಂದು ಪೋಸ್ಟ್ ಮಾಸ್ತರರ ಹೆಂಡತಿ ಹಂಗಿಸುತ್ತಿದ್ದರು. ಅವರದೋ ಮೀನಿನ ಬಲೆ. ಹಾಗಾಗಿ ಯಾರು ಏನೇ ಹೆಣೆಯಲಿ, ಮೊದಲ ಸಾಲನ್ನು ಅತ್ತೆ ಹಾಕಿಕೊಡುವುದು ರೂಢಿಯಾಯಿತು.

ಧನುರ್ಮಾಸದ ಕೊರೆಯುವ ಚಳಿಯಲ್ಲಿ ಗೆಳತಿಗೆ ಹೆಣ್ಣುಮಗು ಹುಟ್ಟಿತು. ಯುದ್ಧದ ಕಾಲ, ಅಂಗಡಿಯಲ್ಲಿ ಉಲ್ಲನ್ ಇಲ್ಲ. ನಾನು ನನ್ನ ಹಾಸ್ಟೆಲಿನ ಹಸಿರು ಸ್ವೆಟರ್ ಬಿಚ್ಚಿದೆ. ಬಿಚ್ಚಿದ ನೂಲು ಗುಂಗುರಾಗಿರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ಲಡಿ ಮಾಡಿ, ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ನೆಟ್ಟಗೆ ಮಾಡಿಕೊಂಡೆವು. ಅತ್ತೆ ಅದರಲ್ಲಿ ಒಂದು ಕುಲಾವಿ ಹೆಣೆದರು. ಕಿವಿ ಮುಚ್ಚುವ ಹಾಗೆ, ಗದ್ದದ ಕೆಳಗೆ ಕಟ್ಟುವ ದಾರವಿಟ್ಟು. ನಾನೇ ಹೋಗಿ ಕೊಟ್ಟು ಬಂದೆ.

ಮರುದಿನ ನಾವು ಕೂತಿರುವಾಗ ಗೆಳತಿಯ ತಾಯಿ ಬಂದರು. ನಾನು ದೊಡ್ಡಮ್ಮ ಎಂದೇ ಕರೆಯುತ್ತಿದ್ದೆ. ಕೈಯಲ್ಲಿ ಹಸಿರು ಉಲ್ಲನ್ನಿನ ಉಂಡೆ. ಕುಲಾವಿಯನ್ನು ಪೂರ್ತಿ ಬಿಚ್ಚಿ, ಅಚ್ಚುಕಟ್ಟಾಗಿ ಸುತ್ತಿ ತಂದಿದ್ದರು.

“ವದ್ದಮ್ಮಾ, ಬೇಡಮ್ಮಾ, ತಪ್ಪು ತಿಳೀಬೇಡ” ಎಂದು ನನಗೇ ಹೇಳಿದರು, ಅತ್ತೆ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. “ಹಸೀ ಕೂಸು. ಅದರ ತಲೆಗೆ ಇಡೋದು ಗಂಡ ಸತ್ತೋರ ಕೈದಾಗಬಾರದು. ಉಲ್ಲನ್ನಿಗೆ ದೋಷ ಇಲ್ಲ, ಅದಕ್ಕೇ ವಾಪಸ್ ತಂದೆ. ನೀನೇ ಒಂದು ಹೆಣೆದುಕೊಡು.”

ಆ ತರ್ಕವನ್ನು ನೋಡಿ. ನೂಲು ಶುದ್ಧ, ಹೆಣೆದ ಕೈ ಅಶುಭ. ಬಿಚ್ಚಿಬಿಟ್ಟರೆ ಆ ಕೈ ಹೊರಟುಹೋಯಿತು. ಅದೇ ಬಾಣಂತಿಗೆ ಬೆಳ್ಳುಳ್ಳಿ ಲೇಹ್ಯ ಕಲಸಿದ್ದು ಯಾರು? ಅತ್ತೆ. ಮೆಣಸು, ಹಿಪ್ಪಲಿ, ಶುಂಠಿ ಕುಟ್ಟಿದ್ದು ಯಾರು? ಅತ್ತೆ. ಬೇಕೆಂದು ಪಾತ್ರೆ ಕಳಿಸಿದ್ದು ಇದೇ ದೊಡ್ಡಮ್ಮ. ಅತ್ತೆಯ ಕೈಯದು ಹೊಟ್ಟೆಗೆ ಇಳಿಯಬಹುದು, ತಲೆಗೆ ಏರಬಾರದು. ನಾನು ಇದನ್ನು ಹೇಳಲು ಬಾಯಿ ತೆರೆದೆ. ಅತ್ತೆ ಕಣ್ಣಲ್ಲೇ ತಡೆದರು. ಕೈಯಲ್ಲಿದ್ದ ಸಾಲು ಮುಗಿಸಿದರು, ಕಡ್ಡಿಗಳನ್ನು ಜೋಡಿಸಿಟ್ಟರು, ಕಂಬಳಿ ಮಡಿಸಿಕೊಂಡು ಎದ್ದರು. ಹಿಂದಿನ ಕೋಣೆಯಲ್ಲಿ ಹತ್ತಿಯ ಬುಟ್ಟಿ ಎಳೆದುಕೊಂಡ ಸದ್ದು ಕೇಳಿತು.

ಅದಾದ ಮೇಲೆ ಅವರು ನಡುಮನೆಗೆ ಬರಲಿಲ್ಲ. ಕರೆದರೆ, ಬತ್ತಿ ಮುಗಿದುಹೋಗಿದೆ ಎನ್ನುತ್ತಿದ್ದರು. ಕಾರ್ತಿಕ ಕಳೆದು ಆಗಲೇ ಬಹಳ ದಿನವಾಗಿತ್ತು, ಅಷ್ಟೊಂದು ಬತ್ತಿ ಯಾವ ದೀಪಕ್ಕೆ ಬೇಕಿತ್ತೋ. ಮನೆಯಲ್ಲಿ ಉಳಿದವರಿಗೆ ಇದರಲ್ಲಿ ಅನ್ಯಾಯವೇನೂ ಕಾಣಲಿಲ್ಲ. ಊರಿನಲ್ಲಿ ನಡೆಯುವುದೇ ಹೀಗೆ ಎಂದು ನನ್ನ ತಾಯಿಯೇ ಹೇಳಿದಳು.

ಹಟಕ್ಕೆ ಬಿದ್ದು ನಾನೇ ಕುಲಾವಿ ಹಿಡಿದೆ. ಮೊದಲ ಸಾಲು ಎಂದಿನಂತೆ ಬಿಗಿಯಾಯಿತು. ಅಂಚು ತೆಂಗಿನಕಾಯಿಯ ಮೇಲೂ ಇಳಿಯಲಿಲ್ಲ. ಬಿಚ್ಚಿದೆ, ಮತ್ತೆ ಹಾಕಿದೆ, ಮತ್ತೆ ಬಿಚ್ಚಿದೆ. ಕೊನೆಗೆ ಉಂಡೆ ಹಿಡಿದುಕೊಂಡೇ ಎದುರು ಮನೆಯ ಪಕ್ಕದ ಓಣಿಗೆ ಹೋಗಿ, ಬಾಣಂತಿ ಕೋಣೆಯ ಕಿಟಕಿಯಲ್ಲಿ ಗೆಳತಿಯನ್ನು ಕರೆದೆ. ಅವಳಿಗೆ ನಡೆದದ್ದು ಗೊತ್ತಿತ್ತು. ಅವಳ ಕಣ್ಣೆದುರಿಗೇ ಕುಲಾವಿ ಬಿಚ್ಚಿದ್ದರಂತೆ.

“ಅತ್ತೆ ಮೊದಲ ಸಾಲು ಹಾಕ್ಲಿ. ಆಮೇಲೆ ಕಡ್ಡೀ ಸಮೇತ ನನಗೆ ಕೊಡು, ನಾನೂ ಒಂದು ಸಾಲು ಹಾಕ್ತೀನಿ” ಎಂದಳು.

ನಿನಗೆ ಪುರುಡು ಕಣೇ, ನೀನು ಮುಟ್ಟಿದ್ದನ್ನು ಮತ್ತೆ ಅತ್ತೆ ಮಡಿಯಲ್ಲಿರುವ ಮನೆಗೆ ಹೇಗೆ ತರಲಿ ಎಂದೆ.

“ಉಲ್ಲನ್ನಿಗೆ ದೋಷ ಇಲ್ಲ ಅಂತ ಅಮ್ಮಾನೇ ಹೇಳಿದಾಳಲ್ಲ.”

ನಾನು ಓಡಿಬಂದು ಅತ್ತೆಯ ಮುಂದೆ ಉಂಡೆ ಇಟ್ಟೆ. ಅವರು ಮುಟ್ಟಲಿಲ್ಲ.

“ಬೇಡ ಕಣೇ. ನಾಳೆ ಆ ಮಗು ಒಂದು ಸೀನು ಸೀನಿದ್ರೂ ನನ್ನ ಕೈ ಅಂತಾರೆ.”

“ಅವಳೇ ಕೇಳಿದಾಳೆ ಅತ್ತೆ. ಹೆತ್ತೋಳು.”

ಅತ್ತೆ ಹಿಡಿದಿದ್ದ ಬತ್ತಿಯನ್ನು ಹೊಸೆದು ಮುಗಿಸಿ ಬುಟ್ಟಿಗೆ ಹಾಕಿದರು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ಕಡ್ಡಿ ತೆಗೆದುಕೊಂಡರು. ಒಂದೇ ಉಸಿರಿಗೆ ಎಂಬಂತೆ ಇಡೀ ಅಂಚಿನ ಕುಣಿಕೆಗಳನ್ನು ಹಾಕಿ ನನ್ನ ಕೈಗಿಟ್ಟು, ಮತ್ತೆ ಹತ್ತಿಗೆ ತಿರುಗಿದರು.

ಅದರ ಮೇಲೆ ಗೆಳತಿಯ ಸಾಲು, ನನ್ನ ಸಾಲು, ಪೋಸ್ಟ್ ಮಾಸ್ತರರ ಹೆಂಡತಿಯ ಸಾಲು. ಮತ್ತೆ ಅದೇ ಸರದಿ. ಕುಲಾವಿ ಕಿಟಕಿಯಲ್ಲಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಮನುಷ್ಯರು ಯಾರೂ ದಾಟಬಾರದ ಗೆರೆಯನ್ನು ಅದೊಂದೇ ದಾಟುತ್ತಿತ್ತು. ಬಿಗಿ, ಸಡಿಲ ಎಲ್ಲ ಸೇರಿ ನೋಡಲು ಏನೂ ಚೆನ್ನಾಗಿರಲಿಲ್ಲ. ಅಂಚು ಮಾತ್ರ ಗೆರೆ ಎಳೆದಂತಿತ್ತು.

ತೊಟ್ಟಿಲಿಗೆ ಹಾಕುವ ದಿನ ಬಂತು. ಅತ್ತೆಗೆ ಕರೆ ಇರಲಿಲ್ಲ, ಇರುವುದೂ ಇಲ್ಲ. ಹರಿವಾಣದಲ್ಲಿ ಕುಲಾವಿ ಇಟ್ಟುಕೊಂಡು ನಾನೂ ಪೋಸ್ಟ್ ಮಾಸ್ತರರ ಹೆಂಡತಿಯೂ ಹೋದೆವು. ದೊಡ್ಡಮ್ಮ ಅದನ್ನು ಎತ್ತಿ, ತಿರುಗಿಸಿ, ಅಂಚಿನ ಮೇಲೆ ಬೆರಳಾಡಿಸಿದರು.

“ಯಾರ ಕೈದು ಇದು?”

ಪೋಸ್ಟ್ ಮಾಸ್ತರರ ಹೆಂಡತಿ ತುಂಬಿದ ಮನೆಗೆ ಕೇಳುವಂತೆ, ಎಲ್ಲರೂ ಒಂದೊಂದು ಸಾಲು ಹಾಕಿದ್ದು, ನಿಮ್ಮ ಮಗಳದೂ ಇದೆ ಎಂದರು.

“ಆಕೇದು?”

“ಇದೆ, ಮೊದಲನೇ ಸಾಲು” ಎಂದೆ. “ಬೇಡ ಅಂದ್ರೆ ಬಿಚ್ಚಿಬಿಡಿ ದೊಡ್ಡಮ್ಮ. ಆದ್ರೆ ಬಿಚ್ಚೋದು ಕೊನೇ ಸಾಲಿಂದ. ಅದು ಸಿಗಬೇಕಾದ್ರೆ ಮೊದಲು ಇವರದ್ದೆಲ್ಲ ಬಿಚ್ಚಬೇಕು, ನಿಮ್ಮ ಮಗಳದ್ದೂ.”

ಅವರಿಗೆ ಅದು ಗೊತ್ತಿತ್ತು, ಒಂದು ಸಲ ಬಿಚ್ಚಿದ ಕೈಯೇ ತಾನೆ. ನಾಮಕರಣದ ದಿನ ಮುತ್ತೈದೆಯರು ಹೆಣೆದದ್ದನ್ನು, ಹೆತ್ತ ತಾಯಿ ಹೆಣೆದದ್ದನ್ನು ಕೂಸಿನ ಎದುರು ಬಿಚ್ಚುವ ಧೈರ್ಯ ಯಾರಿಗಿದೆ? ಗೆಳತಿ ತಾಯಿಯ ಕೈಯಿಂದ ಕುಲಾವಿ ತೆಗೆದುಕೊಂಡು ಮಗುವಿಗೆ ಹಾಕಿ ದಾರ ಕಟ್ಟಿದಳು.

ಸಂಜೆಯ ಹೊತ್ತಿಗೆ ದೊಡ್ಡಮ್ಮ ಬಂದವರಿಗೆಲ್ಲ ಕುಲಾವಿ ತೋರಿಸಿ, ಕೇರಿಯ ಮುತ್ತೈದೆಯರು ಕೂಡಿ ಹೆಣೆದದ್ದು ಎಂದು ಹೇಳುತ್ತಿದ್ದರು. ಕೇಳಿ ನನ್ನ ಮೈ ಉರಿಯಿತು. ಮದುವೆಯಾಗದ ನನ್ನನ್ನೂ ಮುತ್ತೈದೆ ಮಾಡಿಬಿಟ್ಟರು, ಅತ್ತೆಯನ್ನು ಮಾತ್ರ ಬಿಟ್ಟರು. ಮನೆಗೆ ಬಂದು ಅತ್ತೆಗೆ ಒಂದೂ ಬಿಡದೆ ವರದಿ ಒಪ್ಪಿಸಿದೆ. ಅವರು ದೊಡ್ಡಮ್ಮನ ವಿಷಯ ಕೇಳಿಸಿಕೊಳ್ಳಲೇ ಇಲ್ಲ.

“ಅಂಚು ಹಣೆಗೆ ಒತ್ತುತ್ತಿತ್ತಾ?” ಎಂದರು.

ಇಲ್ಲ, ಹೇಳಿ ಮಾಡಿಸಿದ ಹಾಗೆ ಕೂತಿತ್ತು ಎಂದೆ.

ಮರುದಿನ ಮಧ್ಯಾಹ್ನ ನಾನು ಕೈ ತೊಳೆದು ಬರುವಷ್ಟರಲ್ಲಿ ನಡುಮನೆಯಲ್ಲಿ ಕಂಬಳಿ ಹಾಸಿತ್ತು. ಅತ್ತೆ ಉಳಿದ ಹಸಿರು ಉಲ್ಲನ್ನನ್ನು ಕಡ್ಡಿಗೆ ಸುತ್ತುತ್ತಿದ್ದರು. ಯಾರಿಗೆ ಎಂದು ಕೇಳಿದೆ. ಸಾಲು ಮುಗಿಯುವ ತನಕ ಅವರು ಉತ್ತರ ಕೊಡಲಿಲ್ಲ.

“ಮುಂದಿನ ಚಳಿಗೆ ಅದರ ತಲೆ ದೊಡ್ಡದಾಗಿರುತ್ತಲ್ಲೇ” ಎಂದರು, ಮತ್ತು ಕಡ್ಡಿಯನ್ನು ನನ್ನ ಕಡೆ ಚಾಚಿದರು.